ಕುದುರೆಯ ಕಾಲು ಕೇಳುತ್ತಿದ್ದ ಚಾಚಾ

ಕುದುರೆಯ ಗೊರಸನ್ನು ಅರದಿಂದ ಉಜ್ಜುವಾಗ ಒಂದು ವಾಸನೆ ಬರುತ್ತದೆ. ಸುಟ್ಟ ಕೂದಲಿನದೂ ಅಲ್ಲ, ಹಳೆಯ ಕೊಂಬಿನದೂ ಅಲ್ಲ, ಎರಡೂ ಕೂಡಿದ ಹಾಗೆ. ಮೊನ್ನೆ ನಮ್ಮ ಬಿಳಿ ಕುದುರೆಯ ಗೊರಸು ಉಜ್ಜುವಾಗ ಆ ಪುಡಿ ನನ್ನ ಓಢಣಿಯ ಮೇಲೆ ಉದುರಿತು. ಮೂಗಿಗೆ ಬಡಿದದ್ದೇ ತಡ, ನಾನು ಗಜೇಂದ್ರಗಡದ ಹಳೆಯ ಟಾಂಗಾ ನಿಲ್ದಾಣದಲ್ಲಿದ್ದೆ...

ಇಪ್ಪತ್ತೆರಡು ವರ್ಷ ರೋಣದಲ್ಲಿ ಝೆರಾಕ್ಸ್ ಅಂಗಡಿ ನಡೆಸಿದವಳು ನಾನು. ಕಳೆದ ವರ್ಷ ಅದನ್ನು ತಂಗಿಗೆ ಒಪ್ಪಿಸಿ, ನರಗುಂದದ ಹೊರಗೆ ಪಶುವೈದ್ಯೆಯೊಬ್ಬರು ನಡೆಸುವ ಲಾಯಕ್ಕೆ ಸೇರಿಕೊಂಡೆ. ಮದುವೆ ಮೆರವಣಿಗೆಗಳಲ್ಲಿ ದುಡಿದು ದಣಿದ ನಾಲ್ಕು ಕುದುರೆಗಳು ಅಲ್ಲಿವೆ. ಮಾತು ಬಾರದ, ಮುಟ್ಟಿದರೆ ಬೆಚ್ಚುವ ಮಕ್ಕಳು ಬರುತ್ತಾರೆ. ಕುದುರೆಯ ಪಕ್ಕ ನಿಲ್ಲುತ್ತಾರೆ, ಮನಸ್ಸು ಬಂದರೆ ಮೈ ಉಜ್ಜುತ್ತಾರೆ. ಚಿಕಿತ್ಸೆ ಎಂದರೆ ಅಷ್ಟೇ.

“ಕಾಗದ ಬಿಟ್ಟು ಲದ್ದಿ ಬಳ್ಯಾಕ ಹೊಂಟೀಯಲ್ಲ, ನಲವತ್ತೈದಕ್ಕ ತಲಿ ಕೆಟ್ಟೈತೇನ ನಿನಗ?” ಎಂದಳು ಅವ್ವ. ಲದ್ದಿ ಬಳಿಯುವುದು ನಿಜ. ಆದರೆ ಈ ಹುಚ್ಚು ನಲವತ್ತೈದಕ್ಕೆ ಹಿಡಿದದ್ದಲ್ಲ.

ಇಪ್ಪತ್ತರಲ್ಲಿ ನಾನು ಸೂಡಿಯಿಂದ ಗಜೇಂದ್ರಗಡಕ್ಕೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಟಾಂಗಾ ನಿಲ್ದಾಣದ ಬೇವಿನ ಗಿಡದ ಕೆಳಗೆ ಎತ್ತು, ಕುದುರೆಗಳ ಕಾಲಿಗೆ ಕಬ್ಬಿಣದ ನಾಲ ಬಡಿಯುವ ಚಾಚಾ ಕೂಡುತ್ತಿದ್ದರು. ಟೈಪಿಂಗಿಗಿಂತ ಅವರ ಸುತ್ತಿಗೆಯ ಸದ್ದೇ ನನಗೆ ಹೆಚ್ಚು ಹಿಡಿಸಿತ್ತು. ಎತ್ತಿಗಾದರೆ ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕಟ್ಟಿ ನಾಲ ಬಡಿಯುವರು. ಕುದುರೆಗೆ ಮಾತ್ರ ಹಗ್ಗವಿಲ್ಲ. ಭುಜದ ಮೇಲೆ ಅಂಗೈ ಇಟ್ಟು, ನಿಧಾನವಾಗಿ ಮೊಣಕಾಲಿನ ತನಕ ಇಳಿಸಿ, ಸುಮ್ಮನೆ ನಿಲ್ಲುವರು. ಕುದುರೆ ತಾನಾಗಿಯೇ ಕಾಲೆತ್ತಿ ಅವರ ಕೈಗೆ ಕೊಡುತ್ತಿತ್ತು.

“ಇದನ್ನ್ಯಾಕ ಕೆಡವಂಗಿಲ್ರಿ ಚಾಚಾ?” ಎಂದು ಕೇಳಿದ್ದೆ.

“ಎತ್ತಿನ್ನ ಕೆಡವಬೇಕು ಬೇಟಿ, ಕುದರೀನ್ನ ಕೇಳಬೇಕು” ಎಂದರು.

ನನ್ನ ಪ್ರಶ್ನೆಗಳು ಮುಗಿಯುತ್ತಿರಲಿಲ್ಲ. ಮೊಳೆ ಹೊಡೆದರೆ ನೋಯುವುದಿಲ್ಲವೇ? ಗೊರಸಿನ ಹೊರಗಣ ಪದರಕ್ಕೆ ನೋವಿಲ್ಲ, ಒಳಗೆ ಜೀವ ಇದೆ, ಅಲ್ಲಿಗೆ ತಾಗಬಾರದು ಅಷ್ಟೇ. ಹಾಗಾದರೆ ಮೊಳೆಯ ತುದಿ ಎಲ್ಲಿ ಹೊರಬರುತ್ತದೆ? ಅದನ್ನು ನೋಡಲು ಒಂದು ದಿನ ತೀರಾ ಹತ್ತಿರ ಬಗ್ಗಿದೆ. ಚೀಲದಿಂದ ನನ್ನ ಸ್ಟೀಲಿನ ಊಟದ ಡಬ್ಬಿ ಜಾರಿ ಹಾಸುಗಲ್ಲಿನ ಮೇಲೆ ಢಣಾರನೆ ಬಿತ್ತು. ಕಂದು ಬಣ್ಣದ ಆ ಹೆಣ್ಣು ಕುದುರೆ ಬೆಚ್ಚಿ ಕಾಲು ಜಗ್ಗಿತು. ಸುತ್ತಿಗೆ ಅಷ್ಟರಲ್ಲಿ ಇಳಿದಾಗಿತ್ತು. ಮೊಳೆ ಒಳಗೆ ಹೋಗಿ ರಕ್ತ ಬಂತು.

ಚಹಾ ಕುಡಿಯಲು ಹೋಗಿದ್ದ ಟಾಂಗಾವಾಲಾ ಓಡಿ ಬರುವಷ್ಟರಲ್ಲಿ ಡಬ್ಬಿ ನನ್ನ ಚೀಲ ಸೇರಿತ್ತು. “ಕಣ್ಣು ಕಾಣದಿದ್ರ ಮನ್ಯಾಗ ಕೂಡ್ರಿ!” ಎಂದು ಅವನು ಎಲ್ಲರೆದುರು ಚಾಚಾನಿಗೆ ಬೈದ. ಚಾಚಾ ನನ್ನ ಕಡೆ ಒಮ್ಮೆ ನೋಡಿದರು. “ತಪ್ಪಾತು” ಎಂದಷ್ಟೇ ಹೇಳಿ ಗಾಯಕ್ಕೆ ಅರಿಶಿನ ಹಚ್ಚತೊಡಗಿದರು. ನಾನು ಬಾಯಿ ತೆರೆಯಲಿಲ್ಲ. ಟೈಪಿಂಗಿಗೆ ಹೊತ್ತಾಯಿತು ಎಂಬಂತೆ ನಡೆದುಬಿಟ್ಟೆ.

ಆ ಮೇಲೆ ನಾನು ದೂರದಿಂದ ನೋಡುತ್ತಿದ್ದೆ. ಚಾಚಾ ದಿನಾಲೂ ಆ ಕುದುರೆಯ ಹತ್ತಿರ ಹೋಗಿ ಭುಜದ ಮೇಲೆ ಅಂಗೈ ಇಡುವರು. ಅದು ಮೈ ಬಿಗಿಹಿಡಿದರೆ ಕೈ ತೆಗೆದು ತಿರುಗಿ ಬರುವರು. ಗದರುವುದಿಲ್ಲ, ಬೆಲ್ಲ ತೋರಿಸುವುದಿಲ್ಲ. ಒಂಬತ್ತನೆಯ ದಿನ ಕುದುರೆ ಕಾಲೆತ್ತಿ ಕೊಟ್ಟಿತು. ಆದರೆ ಮನುಷ್ಯರು ಕುದುರೆಯಷ್ಟು ದೊಡ್ಡವರಲ್ಲ. ಚಾಚಾನಿಗೆ ಕಣ್ಣು ಕಾಣುವುದಿಲ್ಲ ಎಂಬ ಸುದ್ದಿ ಹಬ್ಬಿ, ಒಬ್ಬೊಬ್ಬರಾಗಿ ಟಾಂಗಾದವರು ಬೇರೆ ಕಡೆ ಹೋದರು. ಗಿಡದ ಕೆಳಗೆ ಚಾಚಾ ಕೈಕಟ್ಟಿ ಕೂತಿರುತ್ತಿದ್ದರು. ಹೇಗೂ ಟಾಂಗಾಗಳ ಕಾಲ ಮುಗಿಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ. ಮನಸ್ಸಿಗೆ ಸುಳ್ಳು ಹೇಳುವುದು ಎಷ್ಟು ಸುಲಭ...

ಈ ಲಾಯಕ್ಕೆ ಬಂದ ಹೊಸದರಲ್ಲಿ ಸವಡಿಯಿಂದ ತಾಯಿಯೊಬ್ಬಳು ಮಗಳನ್ನು ಬಸ್ಸಿನಲ್ಲಿ ಕರೆತಂದಳು. ಹನ್ನೊಂದರ ಹುಡುಗಿ, ಮಾತಿಲ್ಲ. ನನಗೋ ಹೊಸ ಕೆಲಸದ ಹುರುಪು. ಅವಳ ಕೈ ಹಿಡಿದು ಕುದುರೆಯ ಮೈಮೇಲೆ ಇಟ್ಟೇಬಿಟ್ಟೆ. ಹುಡುಗಿ ಕಿರುಚಿ ನನ್ನ ಮುಂಗೈ ಕಚ್ಚಿದಳು. “ಇನ್ನ ಬರೂದಿಲ್ರಿ ಅಕ್ಕಾರ” ಎಂದು ತಾಯಿ ಅತ್ತಳು. ಅಂದು ನನ್ನ ಬಾಯಲ್ಲಿ, ಇಪ್ಪತ್ತೈದು ವರ್ಷ ತಡವಾಗಿ, ಚಾಚಾನ ಮಾತು ಬಂತು. ಆ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು, “ತಪ್ಪಾತವ್ವಾ” ಎಂದೆ. ತಾಯಿ ಮನಸ್ಸು ಬದಲಿಸಿದಳು. ಆ ಮೇಲೆ ಅವರು ಬಂದಾಗಲೆಲ್ಲ ನಾನು ಸುಮ್ಮನೆ ಪಕ್ಕದಲ್ಲಿ ನಿಂತೆ. ಎರಡು ತಿಂಗಳ ಮೇಲೆ ಒಂದು ದಿನ ಹುಡುಗಿ ತಾನೇ ಅಂಗೈ ಚಾಚಿ ಕುದುರೆಯ ಭುಜದ ಮೇಲೆ ಇಟ್ಟಳು. ನಾನು ಅತ್ತೆ, ಮುಚ್ಚಿಡುವುದೇನು.

ಗೊರಸಿನ ಆ ವಾಸನೆ ಓಢಣಿಯಲ್ಲಿ ಇರುವಾಗಲೇ, ಮರುದಿನ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋದೆ. ಬೇವಿನ ಗಿಡದ ಕೆಳಗೆ ಈಗ ಬೈಕುಗಳ ಪಂಕ್ಚರ್ ಅಂಗಡಿ. ಆ ಅಂಗಡಿಯವರೇ ಚಾಚಾನ ಮನೆ ತೋರಿಸಿದರು. ಚಾಚಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಅವರ ಹೆಂಡತಿಗೆ ನಾನು ಯಾರೆಂದು ತಿಳಿಯಲಿಲ್ಲ.

“ಅವತ್ತ ಡಬ್ಬಿ ಬೀಳಿಸಿದಾಕಿ ನಾನರಿ, ಚಾಚಿ” ಎಂದೆ.

ಚಾಚಿ ಜೋಳದ ಮೊರ ಕೆಳಗಿಟ್ಟು ನನ್ನನ್ನು ನೋಡಿದರು.

“ಹೌದೇನ? ನೀನs ಏನ ಬೇಟಿ... ಟಾಂಗಾವಾಲಾಗ ನಾನs ಹೋಗಿ ಖರೆ ಸಂಗತಿ ಹೇಳಿ ಬರ್ತೀನಿ ಅಂದಿದ್ದೆ. ಅವ್ರು ಬಿಡಲಿಲ್ಲ. ‘ಹುಡುಗಿ ಹೆದರ್ಯಾಳ, ಜಬರದಸ್ತಿ ಬ್ಯಾಡ, ಒಂದಿನ ತಾನs ಬರತಾಳ’ ಅಂದ್ರು. ಗಿಡದ ಕೆಳಗ ಕೆಲಸ ಇಲ್ಲದಿದ್ರೂ ಹೋಗಿ ಕೂಡ್ತಿದ್ರು.”

ಚಾಚಿ ಚಹಾ ಮಾಡಿದರು. ನಾನು ಕುಡಿದೆ. ಆ ಕುದುರೆ ಒಂಬತ್ತು ದಿನಕ್ಕೆ ಕಾಲೆತ್ತಿತ್ತು. ನಾನು ಇಪ್ಪತ್ತೈದು ವರ್ಷ ತೆಗೆದುಕೊಂಡೆ, ಅಷ್ಟು ಆಯುಷ್ಯ ಅವರಿಗಿರಲಿಲ್ಲ.