ಏನಿಲ್ಲ ಕಣವ್ವ

ನೋಡ್ರಪ್ಪಾ, ಇವತ್ತು ಮಧ್ಯಾಹ್ನ ಶಾಂತಿಗ್ರಾಮದಲ್ಲಿ ಬಸ್ಸು ಹತ್ತಿದ್ದೆ ಅಷ್ಟೆ, ಹಾಸನದ ಮನೆಯಲ್ಲಿ ಒಬ್ಬರೇ ಇದ್ದ ಅತ್ತೆಯ ಕೊರಳಿನ ತುರ್ತು ಬಟನ್ನಿನಿಂದ, ಒತ್ತಿದರೆ ನನ್ನ ಫೋನಿಗೇ ಬರುವ ಕರೆ ಬಂತು.

"ಅತ್ತೆ, ಏನಾಯ್ತು?"

"ಏನಿಲ್ಲ ಕಣವ್ವ. ಊಟ ಆಯ್ತಾ?"

"ಆಯ್ತು. ಬಟನ್ ಯಾಕೆ ಒತ್ತಿದ್ರಿ?"

"ಸುಮ್ಕೆ. ಏನ್ ಸಾರು?"

ಈ ವಾರ ಬಟ್ಟೆ ಒಗೆಯುವಾಗೊಮ್ಮೆ, ಮುದ್ದೆ ತಿರುವುವಾಗೊಮ್ಮೆ ಆ ಬಟನ್ನನ್ನು ಗೊತ್ತಿಲ್ಲದೆ ಅದುಮಿ ನನ್ನ ಜೀವ ತೆಗೆದಿದ್ದಾರೆ. ಸಿಟ್ಟಿನಿಂದ ಇನ್ನೇನು ಕಟ್ ಮಾಡಬೇಕು, ಅವರ ದನಿಯ ಹಿಂದೆ ನೀರು ಸುರಿಯುವ ಸದ್ದು ಕೇಳಿತು. ನಲ್ಲಿ ಒಂದು ಹನಿ ಸೋರಿದರೂ ಬೈಯುವ ಹೆಂಗಸು ಇವರು.

"ಅತ್ತೆ, ಮೊದಲು ನಲ್ಲಿ ನಿಲ್ಲಿಸಿ."

"ಕೈಗೆ ಎಟುಕ್ತಿಲ್ಲ ಕಣವ್ವ."

ಬೀಗದ ಕೈ ಕೊಟ್ಟಿಟ್ಟಿದ್ದ ಪಕ್ಕದ ಮನೆಯವರಿಗೆ ಫೋನ್ ಮಾಡಿ ಓಡಿಸಿದೆ. ಅತ್ತೆ ಬಚ್ಚಲಲ್ಲಿ ಬಿದ್ದಿದ್ದರು. ಕಾಲು ಮುರಿದಿಲ್ಲ, ಉಳುಕಿದೆ ಅಷ್ಟೆ ಎಂದರು ಡಾಕ್ಟರು. "ಬಿದ್ದೆ ಅಂತ ಮೊದಲೇ ಹೇಳ್ಬಾರದಾ?" ಎಂದು ಅತ್ತೆಯ ಮೇಲೆ ರೇಗಿದೆ.

"ಉಣ್ಣೋಕೆ ಮುಂಚೆ ಹೇಳ್ಬುಟ್ರೆ ನಿನ್ ಗಂಟ್ಲಲ್ಲಿ ಅನ್ನ ಇಳೀತಿತ್ತಾ? ಅದುಕ್ಕೆ ಕೇಳ್ಕಂಡೆ. ನೀನು ಆಯ್ತು ಅಂದಿದ್ದು ದಿಟವಾ ಅಂತ ಸಾರೂ ಕೇಳ್ದೆ."

ಇನ್ನು ಮೇಲೆ ಆ ಬಟನ್ನು "ಏನಿಲ್ಲ" ಅಂದರೆ ಏನೋ ಆಗಿದೆ ಎಂದೇ ಅರ್ಥ. ಅಂದ ಹಾಗೆ, "ಆಯ್ತು" ಅಂದಾಗ ನನ್ನ ಊಟ ಆಗಿರಲಿಲ್ಲ.