ಹಿಮಕ್ಕೆ ಹೊರಟವರ ಮನೆಗೊಂದು ಫೋನು

ಜಯನಗರದ ಒಂದು ಯಾತ್ರಾ ಕಂಪನಿಯಲ್ಲಿ ನನ್ನ ಕೆಲಸ. ಕಾಶಿ, ರಾಮೇಶ್ವರ, ಬದರಿ, ಕೇದಾರ ನಮ್ಮ ದಾರಿಗಳು. ಅಡುಗೆಯವರನ್ನು ಇಲ್ಲಿಂದಲೇ ಕರೆದುಕೊಂಡು ಹೋಗುತ್ತೇವೆ; ಋಷಿಕೇಶದಲ್ಲೂ ಬೆಳಗ್ಗೆ ಒಗ್ಗರಣೆ ಅವಲಕ್ಕಿ ಸಿಗುತ್ತದೆ. ಭೂಗೋಳ ಓದಿದ ನಾನು ನಕ್ಷೆಗಳನ್ನು ಚೆನ್ನಾಗಿ ಓದಬಲ್ಲೆ. ಆದರೆ ಹಿಮವನ್ನು ಕಣ್ಣಾರೆ ಕಂಡವಳಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಬನಶಂಕರಿಯ ಹಲ್ಲಿನ ಡಾಕ್ಟರೊಬ್ಬರು ಆಫೀಸಿಗೆ ಬಂದರು. ನಲವತ್ತರ ಆಸುಪಾಸಿನವರು. ಎದುರು ಕುರ್ಚಿಯಲ್ಲಿ ಕೂತು, ನಮ್ಮ ಯಜಮಾನರನ್ನು ಒಂದು ಕ್ಷಣ ಅಳೆದು ನೋಡಿ, ಮಾತು ತೆಗೆದರು.

"ಜನವರಿ ಕೊನೇಲಿ ನಾವೊಂದಷ್ಟು ಜನ ಔಲಿಗೆ ಹೋಗ್ಬೇಕು ಸಾರ್. ಸ್ಕೀಯಿಂಗ್ ಕಲಿಯೋಕೆ. ಗ್ರೂಪ್ ಟೂರ್ ಥರ ಮಾಡ್ಕೊಡ್ತೀರಾ?"

ಔಲಿ ಇರುವುದು ಜೋಶಿಮಠದ ಮೇಲೆ, ಬದರಿಯ ದಾರಿಯಲ್ಲೇ. "ಆ ದಾರೀಲಿ ನನ್ನ ಕಣ್ಣು ಕಟ್ಟಿ ಬಿಟ್ರೂ ಹೋಗ್ಬರ್ತೀನಿ" ಅಂದರು ಯಜಮಾನರು.

"ಇನ್ನೊಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ನಾವೆಲ್ಲ ಗೇ. ಗಂಡಸರು ಜಾಸ್ತಿ, ಇಬ್ಬರು ಹೆಂಗಸರೂ ಇದಾರೆ. ಬೇರೆ ಕಡೆ ಹೋದ್ರೆ ಹನಿಮೂನ್ ಜೋಡಿಗಳ ಬಸ್ಸಿಗೆ ಹತ್ತಿಸ್ತಾರೆ, ಇಲ್ಲಾಂದ್ರೆ ಬ್ಯಾಚುಲರ್ಸ್ ಅಂತ ಕುಡುಕರ ಜೊತೆ ಸೇರಿಸ್ತಾರೆ. ನಮ್ಮ ದೊಡ್ಡಮ್ಮ ನಿಮ್ಮ ಜೊತೆ ಕಾಶಿಗೆ ಬಂದಿದ್ರು. ಮನೆಯವರ ಥರ ನೋಡ್ಕೊಂಡ್ರು ಅಂತ ಇವತ್ತಿಗೂ ಹೇಳ್ತಿರ್ತಾರೆ."

ನಾನು ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಯಜಮಾನರು ಪೆನ್ನಿನ ಕ್ಯಾಪನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತಾ?"

"ನಡೆಯುತ್ತೆ ಸಾರ್."

"ಹಾಗಾದ್ರೆ ಏನೂ ಕಷ್ಟ ಇಲ್ಲ ಬಿಡಿ" ಎಂದು ನನ್ನ ಕಡೆ ತಿರುಗಿದರು. "ಇದನ್ನ ನೀನೇ ನೋಡ್ಕೋಬೇಕು. ಜೊತೆಗೆ ಹೋಗೋದೂ ನೀನೇ."

ಆಫೀಸಿನಲ್ಲಿ ನನಗಿಂತ ಹಳಬರಿದ್ದರು, ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದವರು. ನಾನೇ ಯಾಕೆ? ಡಾಕ್ಟರು ಹೋದ ಮೇಲೆ ಕೇಳಿದೆ. "ನೀನು ಮಾತು ಕಮ್ಮಿ. ಅವರಿಗೆ ಬೇಕಿರೋದು ಅದೇ" ಅಂದರು. ಅಷ್ಟೇ ಕಾರಣವಿರಬಹುದು. ಅಷ್ಟೇ ಅಲ್ಲದೆಯೂ ಇರಬಹುದು. ಈ ಯೋಚನೆಯಲ್ಲಿ ನನ್ನ ಎಷ್ಟೋ ಸಂಜೆಗಳು ಹಾಳಾದವು.

ಯಾಕೆಂದರೆ ನಾನೂ ಅವರಂಥವಳೇ. ನನ್ನ ಮನಸ್ಸು ಹೋಗುವುದು ಹೆಂಗಸರ ಕಡೆಗೆ. ಕಾಲೇಜಿನ ದಿನಗಳಿಂದ ನನಗಿದು ಗೊತ್ತು, ಇನ್ನು ಒಬ್ಬಿಬ್ಬರಿಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲ ಎಂಬ ನಂಬಿಕೆಯ ಮೇಲೆ ನನ್ನ ದಿನಗಳು ನಿಂತಿದ್ದವು. ನಾವಿರುವುದು ಕೋಣನಕುಂಟೆಯಲ್ಲಿ, ತಾತನ ರಾಗಿ ಹೊಲವಿದ್ದ ಜಾಗದಲ್ಲೇ ಎದ್ದ ಮೂರಂತಸ್ತಿನ ಮನೆಯಲ್ಲಿ. ಕೆಳಗೆ ಅಮ್ಮ, ನಾನು. ಮೇಲೆ ಬಾಡಿಗೆಯವರು. ಎರಡನೇ ಮಹಡಿಯಲ್ಲಿ ಇಬ್ಬರು ಹುಡುಗರು ವರ್ಷಗಳಿಂದ ಇದ್ದಾರೆ. ಯಾರು ಕೇಳಿದರೂ ಅಮ್ಮ "ಫ್ರೆಂಡ್ಸು" ಅನ್ನುತ್ತಾಳೆ, ಯುಗಾದಿಗೆ ಅವರಿಗೆ ಒಬ್ಬಟ್ಟು ಕಳಿಸುತ್ತಾಳೆ. ಅವರ ನಡುವಿನದು ಏನೆಂದು ಅವರು ಬಂದ ವಾರವೇ ನನಗೆ ತಿಳಿದಿತ್ತು. ಅಮ್ಮನಿಗೆ ತಿಳಿಯದಿರುವುದೇ ಅವರಿಗೂ ನನಗೂ ಒಳ್ಳೆಯದು ಎಂದುಕೊಂಡು ಸುಮ್ಮನಿದ್ದೆ.

ಮನೆಯಲ್ಲಿ "ಆಫೀಸಿನ ಗ್ರೂಪ್, ಔಲಿಗೆ" ಎಂದಷ್ಟೇ ಹೇಳಿದೆ. ಅಮ್ಮ ಕೇಳಿದ್ದು ಒಂದೇ, "ಅಲ್ಲಿ ತುಂಬ ಚಳಿನಾ?"

ಕೆಲಸ ಶುರುವಾದ ಮೇಲೆ ನಮ್ಮ ಕಂಪನಿಯ ಯಾವ ಪದ್ಧತಿಯೂ ಇವರಿಗೆ ಹೊಂದಲಿಲ್ಲ. ನಮ್ಮಲ್ಲಿ ಕೋಣೆ ಹಂಚುವ ಕ್ರಮ ಬಹಳ ಹಳೆಯದು. ಗಂಡ ಹೆಂಡತಿಗೆ ಒಂದು ಕೋಣೆ. ಒಂಟಿ ಗಂಡಸರು ಗಂಡಸರ ಜೊತೆ, ಒಂಟಿ ಹೆಂಗಸರು ಹೆಂಗಸರ ಜೊತೆ. ಯಾರಿಗೂ ಮುಜುಗರವಾಗಬಾರದು ಎಂದು ಮಾಡಿದ ಏರ್ಪಾಡು. ಅದನ್ನು ಹಾಗೇ ಇಲ್ಲಿಗೆ ತಂದು, ಅಕ್ಕಪಕ್ಕ ಇಬ್ಬಿಬ್ಬರನ್ನು ಇಟ್ಟು ಡಾಕ್ಟರಿಗೆ ಕಳಿಸಿದೆ. ತಕ್ಷಣ ಫೋನು ಬಂತು.

"ಮೇಡಂ, ನೀವು ಒಂದೇ ರೂಮಿಗೆ ಹಾಕಿರೋ ಆ ಇಬ್ಬರು ಇದಾರಲ್ಲ, ಅವರು ಬೇರೆಯಾಗಿ ಒಂದು ವರ್ಷ ಆಯ್ತು. ಮೊನ್ನೆಯಿಂದ ಮಾತಾಡೋಕೆ ಶುರು ಮಾಡಿದಾರೆ, ಅದೂ ವಾಟ್ಸಾಪಲ್ಲಿ."

"ಸಾರಿ. ಬದಲಾಯಿಸ್ತೀನಿ. ಹಾಗಾದ್ರೆ ಇವರಲ್ಲಿ ಒಬ್ಬರನ್ನ ನಿಮ್ಮ ಜೊತೆ?"

"ಅಯ್ಯೋ, ಬೇಡ. ನನ್ನವರಿಗೆ ಆಮೇಲೆ ನಿದ್ದೆ ಬರಲ್ಲ."

ಅವರು ನಗುತ್ತಿದ್ದರು. ನಾನು ಕಾಗದದ ಮೇಲೆ ಬಾಣ ಎಳೆಯುತ್ತಿದ್ದೆ. ಗಂಡಸರಿಬ್ಬರು ಒಂದು ಕೋಣೆಯಲ್ಲಿದ್ದರೆ ಏನೂ ಇಲ್ಲ ಎಂದು ಲೋಕ ತಿಳಿಯುವ ಕಡೆ ಎಲ್ಲವೂ ಇತ್ತು. ಹಾಗಿದ್ದರೆ ಕೇವಲ ಸ್ನೇಹಿತರಾದ ಇಬ್ಬರನ್ನು ಎಲ್ಲಿಡಬೇಕು? ಒಬ್ಬರಿಗೆ ಹೆಂಗಸರ ಕೋಣೆಯೇ ವಾಸಿ ಅನ್ನಿಸಿತಂತೆ, ಹೆಂಗಸರಿಬ್ಬರು ಬೇಡ ಅಂದರಂತೆ. ನನ್ನನ್ನು ಎಲ್ಲಿಡಬೇಕೆಂಬುದು ಮಾತ್ರ ಸುಲಭವಾಗಿತ್ತು. ಗ್ರೂಪಿನ ಜೊತೆ ಹೋಗುವ ಕಂಪನಿಯವರಿಗೆ ಯಾವಾಗಲೂ ಒಂಟಿ ಕೋಣೆ.

ಔಲಿಯ ಹೋಟೆಲಿಗೆ ಫೋನ್ ಮಾಡಿದಾಗ ಆ ಕಡೆಯವನು ಹಿಂದಿಯಲ್ಲಿ ಮೊದಲು ಕೇಳಿದ್ದು, ಫ್ಯಾಮಿಲಿಯಾ, ಬ್ಯಾಚುಲರ್ಸಾ ಎಂದು. ನಾನು ತಡವರಿಸಿದೆ. "ಫ್ಯಾಮಿಲಿ" ಅಂದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಗೊತ್ತಾಗಲಿಲ್ಲ.

ಸ್ಕೀ ಕಲಿಸುವವರು ಪ್ರತಿಯೊಬ್ಬರ ಎತ್ತರ, ತೂಕ, ಪಾದದ ಅಳತೆ ಕೇಳಿದ್ದರು. ಬಿದ್ದಾಗ ಕಾಲಿನ ಜಾರುಹಲಗೆ ಬೂಟಿನಿಂದ ಕಳಚಿಕೊಳ್ಳಬೇಕು, ಅದು ತೂಕಕ್ಕೆ ತಕ್ಕಂತೆ ಬಿಗಿಯಾಗಬೇಕಂತೆ. ಎತ್ತರ ಬಂತು, ಪಾದ ಬಂತು, ತೂಕ ಬರಲಿಲ್ಲ. ಡಾಕ್ಟರಿಗೆ ಮತ್ತೆ ಫೋನ್ ಮಾಡಿದೆ.

"ಮೇಡಂ, ಗೇ ಅಂತ ಹೇಳ್ಕೊಳ್ಳೋ ಧೈರ್ಯ ಒಂದು ಥರ. ತೂಕ ಹೇಳ್ಕೊಳ್ಳೋ ಧೈರ್ಯ ನಮ್ಮಲ್ಲಿ ಯಾರಿಗೂ ಬಂದಿಲ್ಲ."

ನಾನು ನಕ್ಕೆ. ನಕ್ಕ ಸದ್ದಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಇಷ್ಟು ಗೊಂದಲದ ನಡುವೆ ಡಾಕ್ಟರು ಹಾಕಿದ ಷರತ್ತು ಒಂದೇ. "ನಮ್ಮ ಯಾರ ಮನೆಗೂ ಫೋನ್ ಹೋಗ್ಬಾರ್ದು. ಕೆಲವರ ಮನೇಲಿ ಗೊತ್ತು, ಕೆಲವರ ಮನೇಲಿ ಗೊತ್ತಿಲ್ಲ. ಆಫೀಸ್ ಟ್ರೈನಿಂಗ್ ಅಂತ ಮನೇಲಿ ಹೇಳಿ ಬರೋರೂ ಇದಾರೆ. ಏನೇ ಇದ್ರೂ ನನಗೇ ಮಾಡಿ."

ಈ ಷರತ್ತು ಯಜಮಾನರಿಗಲ್ಲ, ಅವರ ಹೆಂಡತಿಗೆ ಕಷ್ಟದ್ದಾಗಿತ್ತು. ನಾವೆಲ್ಲ ಮೇಡಂ ಎಂದು ಕರೆಯುವ ಅವರು ಪ್ರತಿ ಯಾತ್ರೆಗೂ ಒಂದು ವಾರ ಮೊದಲು ಹೊರಟವರೆಲ್ಲರ ಮನೆಗೆ ಫೋನ್ ಮಾಡುತ್ತಾರೆ. ಬಿಪಿ, ಶುಗರ್, ಮಂಡಿ ನೋವು ವಿಚಾರಿಸುತ್ತಾರೆ. "ನಾವಿದೀವಿ, ನೀವು ನಿಶ್ಚಿಂತೆಯಾಗಿರಿ" ಅನ್ನುತ್ತಾರೆ. ಜನ ನಮ್ಮಲ್ಲಿಗೆ ಮತ್ತೆ ಮತ್ತೆ ಬರುವುದು ಬಸ್ಸಿಗಾಗಿ ಅಲ್ಲ, ಈ ಫೋನಿಗಾಗಿ.

"ಮನೆಗೆ ಫೋನ್ ಮಾಡ್ಬಾರ್ದಾ?" ಅವರ ಮುಖ ಸಣ್ಣದಾಯಿತು. "ಮನೆಯವರಿಗೆ ಹೇಳ್ದೆ ಹಿಮಾಲಯಕ್ಕೆ ಹೋಗ್ತಾರಾ?"

"ಹೇಳೋಕಾಗಲ್ಲ ಮೇಡಂ, ಕೆಲವರಿಗೆ. ಹೇಳಿದ್ರೆ ಮನೇಲಿ ಏನಾಗುತ್ತೆ ಅಂತ ಅವರಿಗೇ ಗೊತ್ತಿಲ್ಲ."

"ಇಷ್ಟು ವಯಸ್ಸಾದ ಮೇಲೂನಾ?"

"ವಯಸ್ಸಾದಷ್ಟೂ ಕಷ್ಟ ಆಗುತ್ತೆ."

ಅವರು ನನ್ನನ್ನೇ ನೋಡಿದರು. ಅಷ್ಟು ಮಾತು ಆಡಬಾರದಿತ್ತು ಅನ್ನಿಸಿತು. "ಪಾಪ" ಅಂದರು ಕೊನೆಗೆ. "ಹಾಗಾದ್ರೆ ಮಂಡಿ ನೋವು ಇದ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

"ಅವರನ್ನೇ ಕೇಳೋಣ ಮೇಡಂ."

ಒಪ್ಪಿದರು. ನಾನು ಡಾಕ್ಟರ ನಂಬರೊಂದನ್ನೇ ಕೊಟ್ಟು, ಮಿಕ್ಕ ಯಾವ ಮನೆಯ ನಂಬರೂ ಅವರ ಕೈಗೆ ಸಿಗದಂತೆ ನೋಡಿಕೊಂಡೆ. ಎಲ್ಲರ ಮನೆಯ ಬಾಗಿಲನ್ನೂ ಒಂದೊಂದಾಗಿ ಭದ್ರಪಡಿಸಿದ್ದೇನೆ ಎಂಬ ನೆಮ್ಮದಿ ಇತ್ತು.

ಸಂಕ್ರಾಂತಿ ಮುಗಿದಿತ್ತು. ಮನೆಯ ಮೂಲೆಯಲ್ಲಿ ಒಂದು ಕಬ್ಬಿನ ತುಂಡು ಇನ್ನೂ ಒರಗಿತ್ತು. ಸಂಜೆ ಆಫೀಸಿನಿಂದ ಬಂದಾಗ ಅಮ್ಮ ನಡುಮನೆಯಲ್ಲಿ ನೆನೆಹಾಕಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ಕೈಕಾಲು ತೊಳೆದು ನಾನೂ ಎದುರು ಕೂತೆ. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ.

"ನಿಮ್ ಮೇಡಂ ಫೋನ್ ಮಾಡಿದ್ರು" ಅಂದಳು ಅಮ್ಮ.

ನನ್ನ ಬೆರಳಿಂದ ಕಾಳು ಜಾರಿತು. ಗ್ರೂಪಿನ ಜೊತೆ ಹೊರಟವಳು ನಾನು. ನನಗೂ ಒಂದು ಮನೆಯಿದೆ, ಅಲ್ಲಿಗೂ ಫೋನ್ ಹೋಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅಮ್ಮನ ನಂಬರು ಮೇಡಂ ಬಳಿ ನಾನು ಕೆಲಸಕ್ಕೆ ಸೇರಿದ ದಿನದಿಂದ ಇದೆ. ಈ ಸಲ ಫೋನ್ ಮಾಡಲು ಅವರಿಗೆ ಉಳಿದಿದ್ದ ಮನೆ ಅದೊಂದೇ.

"ಏನಂದ್ರು?"

"ಒಳ್ಳೇ ಹೆಂಗ್ಸು, ಪಾಪ. ಎಷ್ಟೊತ್ತು ಮಾತಾಡಿದ್ರು ಗೊತ್ತಾ! ನಿಂಗೆ ಶೀತ ಆದ್ರೆ ಕಿವಿ ನೋಯುತ್ತೆ ಅಂತ ಹೇಳಿದೀನಿ."

"ಮತ್ತೆ?"

"ಗುಂಪಲ್ಲಿ ಗಂಡಸ್ರೇ ಜಾಸ್ತಿ, ಆದ್ರೂ ನೀವು ಯೋಚ್ನೆ ಮಾಡ್ಬೇಡಿ, ಅವರು ಹೆಣ್ಮಕ್ಕಳ ಕಡೆ ತಿರುಗೂ ನೋಡಲ್ಲ, ಅವರ ಮನಸ್ಸೇ ಬೇರೆ ಥರ ಅಂದ್ರು. ನಿಮ್ಮ ಮಗಳು ನಮ್ಮನೇಲಿ ಇದ್ದಷ್ಟೇ ಸೇಫು ಅಂದ್ರು."

ಮದುವೆಯಾಗದ ಮಗಳನ್ನು ಗಂಡಸರ ಗುಂಪಿನ ಜೊತೆ ಕಳಿಸುವ ತಾಯಿಗೆ ಮೇಡಂ ಕೊಟ್ಟ ಸಮಾಧಾನ ಅದು. ನಗಬೇಕೋ ಎದ್ದು ಹೋಗಬೇಕೋ ತಿಳಿಯದೆ ಇನ್ನೊಂದು ಕಾಳು ತೆಗೆದುಕೊಂಡೆ.

"ನೀನೇನಂದೆ?"

"ಏನನ್ಲಿ? ಓ, ನಮ್ಮ ಮೇಲ್ಗಡೆ ಮನೆ ಹುಡುಗರ ಥರಾನಾ ಅಂದೆ."

ಅಮ್ಮನ ಕೈ ನಿಲ್ಲಲಿಲ್ಲ. ಬೇಳೆ ಬೀಳುತ್ತಲೇ ಇತ್ತು.

"ಅಮ್ಮ, ಅವರ ವಿಷಯ ನಿಂಗೆ ಗೊತ್ತಿತ್ತಾ?"

"ಅವರು ಬಂದ ದಿನ ಸಾಮಾನು ಮೇಲೆ ಹೋಗೋದನ್ನ ಇಲ್ಲೇ ನಿಂತ್ಕೊಂಡು ನೋಡಿದ್ನಲ್ಲ. ಎರಡು ರೂಮಿನ ಮನೆಗೆ ಒಂದೇ ಮಂಚ ಬಂತು. ಬಾಡಿಗೆಗೆ ಕೊಡೋಳಿಗೆ ಅಷ್ಟೂ ತಿಳಿಯಲ್ವಾ?"

"ಮತ್ತೆ ಎಲ್ಲರ ಹತ್ರ ಫ್ರೆಂಡ್ಸು ಅಂತೀಯ?"

"ಇನ್ನೇನನ್ನಬೇಕಿತ್ತು? ಎದುರುಮನೆಯವಳಿಗೆ ಯಾಕೆ ಬೇಕು? ನೀರು ಪೋಲು ಮಾಡಲ್ಲ, ಕಸ ಬೇರೆ ಮಾಡಿ ಹಾಕ್ತಾರೆ, ಅವರ ಪಾಡಿಗೆ ಅವರಿದಾರೆ."

ಅಮ್ಮನಿಗೆ ಗೊತ್ತಿಲ್ಲ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅವಳು ನೋಡಿಯೂ ಹೇಳದೇ ಇದ್ದಳು. ಒಂದು ಮಂಚ ಕಂಡವಳು ಒಂದೇ ಮನೆಯಲ್ಲಿ ಬೆಳೆದ ಮಗಳಲ್ಲಿ ಇನ್ನೇನು ಕಂಡಿರಬಹುದು? ಏನೂ ಕಾಣದೆಯೂ ಇದ್ದಿರಬಹುದು. ಬಾಡಿಗೆಯವರನ್ನು ನೋಡುವ ಕಣ್ಣು ಬೇರೆ, ಮಗಳನ್ನು ನೋಡುವ ಕಣ್ಣು ಬೇರೆ ಇರಬಹುದಲ್ಲ. ಮುಖ ನೋಡಿ ತಿಳಿಯೋಣ ಎಂದರೆ ಅವಳ ಮುಖ ಪಾತ್ರೆಯ ಕಡೆಗೆ ಬಾಗಿತ್ತು.

"ಗುಂಪಲ್ಲಿ ಹೆಣ್ಮಕ್ಕಳೂ ಇದಾರಂತೆ."

"ಇದಾರೆ. ಇಬ್ಬರು."

"ಅವರೂ ಹಂಗೇನಾ?"

"ಹ್ಞೂಂ."

"ಅವರಿಬ್ಬರೂ ಒಂದು ರೂಮಲ್ಲಿ."

"ಹೌದು."

"ನಿನ್ ರೂಮಲ್ಲಿ ಯಾರು?"

"ಯಾರೂ ಇಲ್ಲ. ನಾನೊಬ್ಳೇ."

"ಒಬ್ಳೇನಾ?" ಅಂದಳು. ಆ ದನಿಯಲ್ಲಿ ಏನಿತ್ತು ಎಂದು ಈಗಲೂ ಯೋಚಿಸುತ್ತೇನೆ. ಸಮಾಧಾನವಿತ್ತೋ, ಅನುಮಾನವಿತ್ತೋ, ಚಳಿಯ ಊರಿನಲ್ಲಿ ಒಂಟಿಯಾಗಿ ಮಲಗುವವಳ ಬಗ್ಗೆ ಬರೀ ಅಯ್ಯೋ ಪಾಪವೋ. ಕಂಪನಿಯ ನಿಯಮ ಎಂದು ಉತ್ತರ ಕೊಡಬಹುದಿತ್ತು. ಅದು ನಿಜವೂ ಆಗಿತ್ತು.

"ಸದ್ಯಕ್ಕೆ" ಅಂದೆ.

ಅಷ್ಟೇ ಅಂದದ್ದು. ಅಮ್ಮ ತಲೆಯೆತ್ತಿ ಒಂದು ಸಲ ನೋಡಿದಳು. ಸೆರಗಿನ ತುದಿಗೆ ಕೈ ಒರೆಸಿಕೊಂಡಳು. ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿ ಗೇಟು ತೆಗೆದ ಸದ್ದಾಯಿತು. ಮೆಟ್ಟಿಲು ಹತ್ತುವ ಹೆಜ್ಜೆಗಳು ಮೇಲೆ ಹೋದವು.

"ಬಂದ್ರು ನೋಡು" ಅಂದಳು. "ಅವರ ಹತ್ರ ದಪ್ಪ ಕೋಟಿದೆ, ಸಿಮ್ಲಾಗೆ ಹೋಗಿದ್ರಲ್ಲ. ಕೇಳಿಟ್ಟಿದೀನಿ. ಹೋಗಿ ಇಸ್ಕೊಂಡು ಬಾ."

ಎರಡನೇ ಮಹಡಿಗೆ ಹತ್ತಿದೆ. ಆ ಮನೆಯ ಬಾಗಿಲು ನಾನಾಗಿ ತಟ್ಟಿದ್ದು ಅದೇ ಮೊದಲು. ಇಬ್ಬರಲ್ಲಿ ಕನ್ನಡಕದವರು ಬಾಗಿಲು ತೆರೆದರು. ಕೋಟು ಮಡಚಿ ಚೀಲದಲ್ಲಿ ಇಟ್ಟಾಗಿತ್ತು, ಮೇಲೆ ಉಣ್ಣೆಯ ಕೈಗವಸು, ಕಿವಿ ಮುಚ್ಚುವ ಟೋಪಿ.

"ಆಂಟಿ ಹೋದ ವಾರಾನೇ ಹೇಳಿದ್ರು" ಅಂದರು.

ಹೋದ ವಾರ. ಮೇಡಂ ಫೋನ್ ಮಾಡಿದ್ದು ಇವತ್ತು. "ಏನಂದ್ರು ಅಮ್ಮ?"

"ಮಗಳು ಹಿಮಕ್ಕೆ ಹೋಗ್ತಾಳೆ, ಏನೂ ಕೇಳೋಳಲ್ಲ, ನೀವೇ ನೋಡಿ ಕೊಡಿ ಅಂದ್ರು." ಅವರು ಸ್ವಲ್ಪ ನಕ್ಕರು. "ಹೋಗ್ಬನ್ನಿ. ಬೇಕಾದ್ರೆ ನಮ್ಮನ್ನೂ ಕೇಳಿ, ಏನಾದ್ರೂ."

ಥ್ಯಾಂಕ್ಸ್ ಹೇಳಿ ಇಳಿದೆ. ಮೆಟ್ಟಿಲ ತಿರುವಿನಲ್ಲಿ ಒಂದು ನಿಮಿಷ ನಿಂತೆ. ಹೋದ ವಾರ ಅಮ್ಮನಿಗೆ ಗೊತ್ತಿದ್ದದ್ದು ಚಳಿಯಷ್ಟೇ. ಅಷ್ಟೇ ಇರಬೇಕು.

ಕೆಳಗೆ ಅಮ್ಮ ಪಾತ್ರೆ ಪಕ್ಕಕ್ಕಿಟ್ಟು ಕಾಯುತ್ತಿದ್ದಳು. "ಹಾಕ್ಕೋ, ನೋಡ್ತೀನಿ." ಹಾಕಿಕೊಂಡೆ. ತೋಳು ಬೆರಳ ತುದಿಯವರೆಗೆ ಬಂತು. ಅವರೆಯ ವಾಸನೆಯ ಕೈಯಿಂದ ಅವಳು ಒಂದು ತೋಳನ್ನು ಮಡಚಿದಳು, ಆಮೇಲೆ ಇನ್ನೊಂದನ್ನು.

"ಅಲ್ಲಿಂದ ಫೋನ್ ಮಾಡು" ಅಂದಳು, ಮಡಿಕೆ ಸರಿ ಮಾಡುತ್ತ. "ಏನೇ ಇದ್ರೂ ನೀನೇ ಮಾಡು. ನಿಮ್ ಮೇಡಂ ಕೈಲಿ ಹೇಳಿಸ್ಬೇಡ."

"ಹ್ಞೂಂ" ಅಂದೆ.