ಮೂರನೆಯ ಚುಕ್ಕಿ

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯುವಾಗಲೂ ಕೈ ಬರುವುದಿಲ್ಲ. ನಮ್ಮ ರಾಯಚೂರು ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳಬೇಕಾದರೆ ಒಡಪು ಕಟ್ಟಿ ಹೇಳಬೇಕು. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಕೂಸಿನ ತೊಟ್ಟಿಲಿರಲಿ, ಹೆಂಗಸರು ಬಾಗಿಲಿಗೆ ಅಡ್ಡ ನಿಂತು “ಹೆಸರ ಹೇಳು, ಆಮ್ಯಾಲ ಒಳಗ ಬಾ” ಎಂದು ಸತಾಯಿಸುತ್ತಾರೆ. ಪ್ರಾಸ ಹೊಂದಿಸಿ ಎರಡು ಮೂರು ಸಾಲು ಹೇಳಿ, ನಡುವೆ ಗಂಡನ ಹೆಸರು ತೂರಿಸಿ, ಒಳಗೆ ನುಗ್ಗಬೇಕು. ಇದೆಲ್ಲ ಹೆಂಗಸರ ಹುಡುಗಾಟ ಎಂದೇ ನಾನು ತಿಳಿದಿದ್ದೆ. ಒಂದು ದಿನ ಇದೇ ನನ್ನ ಗಂಡನ ಮಾನ ಕಾಯುತ್ತದೆ ಎಂದು ಯಾರಾದರೂ ಹೇಳಿದ್ದರೆ, ಹೇಳಿದವರ ಬುದ್ಧಿಯ ಮೇಲೇ ಅನುಮಾನ ಪಡುತ್ತಿದ್ದೆ.

ಅನುಮಾನ ನನಗೆ ತವರಿನ ಬಳುವಳಿ. ನನ್ನ ತಂದೆ ಮಾನವಿಯಲ್ಲಿ ಕಾಳಿನ ವ್ಯಾಪಾರಿ. ಚೀಲದ ಬಾಯಲ್ಲಿರುವ ಕಾಳು ನೋಡಿ ಮಾತಾಡಬಾರದು, ತಳಕ್ಕೆ ಕೈ ಹಾಕಿ ನೋಡಬೇಕು ಎಂದು ಕಲಿಸಿದವರು ಅವರು. ನಾನು ಮನುಷ್ಯರ ವಿಷಯದಲ್ಲೂ ತಳಕ್ಕೇ ಕೈ ಹಾಕುತ್ತ ಬಂದೆ.

ನಮ್ಮವರು ದೇವದುರ್ಗದ ಒಕ್ಕಲು ಮನೆತನದ ಕಿರಿಯ ಮಗ. ಓದಿನಲ್ಲಿ ಮುಂದಿದ್ದರು, ನಿಜಾಮರ ಫೌಜಿಗೆ ಸೇರಿದರು. ದೊಡ್ಡ ಯುದ್ಧ ನಡೆದಾಗ ಲೆಫ್ಟಿನೆಂಟ್ ಆಗಿದ್ದರು, ಹೆಗಲ ಮೇಲೆ ಎರಡು ಚುಕ್ಕಿ. ಯುದ್ಧ ಮುಗಿದ ಮರುವರ್ಷ ಅವರ ಮೇಲಿನ ಅಧಿಕಾರಿ ತಾನೇ ಕೈಯಾರೆ ಮೂರನೆಯ ಚುಕ್ಕಿ ಹಚ್ಚಿ, ಇವತ್ತಿನಿಂದ ನೀನು ಕ್ಯಾಪ್ಟನ್, ಕಾಗದ ಹಿಂದಿನಿಂದ ಬರುತ್ತದೆ ಎಂದನಂತೆ. ಕಾಗದ ಬರಲಿಲ್ಲ. ಹೈದರಾಬಾದಿನಲ್ಲಿ ಈ ಮೇಜಿನಿಂದ ಆ ಮೇಜಿಗೆ ತಿರುಗಿತು, ಒಂದು ಮೇಜಿನವನು ರಜೆಗೆ ಹೋದ, ಇನ್ನೊಬ್ಬ ಸತ್ತೇ ಹೋದ. ಬಂದದ್ದು ಯಾವಾಗ? ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆಯಲ್ಲಿ, ರಜಾಕಾರರ ಹಾವಳಿ ನೆತ್ತಿಗೇರಿದ್ದಾಗ. ಅದರಲ್ಲಿ ‘ಇಂದಿನಿಂದ ಕ್ಯಾಪ್ಟನ್’ ಎಂದು ಬರೆದಿತ್ತು. ಹಿಂದಿನ ಎರಡು ವರ್ಷ ಅವರು ಹೆಗಲ ಮೇಲೆ ಹೊತ್ತದ್ದು ಗಾಳಿ ಎನ್ನುವ ಹಾಗೆ.

ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದುಸ್ತಾನದ ದಂಡು ಬಂತು, ರಾಜ್ಯವೇ ಮಗುಚಿತು. ಹೊಸ ಸರ್ಕಾರ ಹಳೆಯ ಫೌಜಿನ ಒಬ್ಬೊಬ್ಬ ಅಧಿಕಾರಿಯನ್ನೂ ಜರಡಿ ಹಿಡಿಯಿತು. ಆ ಬೇಸಿಗೆಯಲ್ಲಿ ಬಡ್ತಿ ಪಡೆದವನು ಏನು ಸೇವೆ ಮಾಡಿ ಪಡೆದ ಎಂಬುದೇ ಮೊದಲ ಪ್ರಶ್ನೆ. ನಮ್ಮವರಿಗೆ, ಬಡ್ತಿಯ ತಾರೀಖು ಇತ್ಯರ್ಥವಾಗುವ ತನಕ ರಾಯಚೂರಿನ ಮನೆಯಲ್ಲೇ ಇರು ಎಂದು ಹುಕುಂ ಆಯಿತು. ತಾರೀಖು ತಿದ್ದಿದರೆ ಮರ್ಯಾದಸ್ಥ ಅಧಿಕಾರಿ, ತಿದ್ದದಿದ್ದರೆ ಊರು ಸುಟ್ಟವರ ಜೊತೆಗಾರ. ನಡುವೆ ಬೇರೆ ಜಾಗ ಇರಲಿಲ್ಲ.

ಸಾಕ್ಷಿಗೆ ಏನಾದರೂ ಇತ್ತೇ? ಇತ್ತು. ಮೂರು ಚುಕ್ಕಿ ಹಚ್ಚಿದ ದಿನ ತೆಗೆಸಿದ ಪಟವಿತ್ತು, ಅವರು ನನಗೆ ಬರೆದ ಪತ್ರಗಳಿದ್ದವು. ಎಲ್ಲ ಮಾನವಿಯ ತವರುಮನೆಯ ಟ್ರಂಕಿನಲ್ಲಿದ್ದವು. ರಾಜ್ಯ ಮಗುಚಿದ ವಾರ, ನಿಜಾಮರ ಕಡೆಯವರು ಯಾರು ಎಂದು ಜನ ಮನೆ ಮನೆ ಕೇಳುತ್ತ ಬಂದಾಗ, ನನ್ನ ತಂದೆ ಹೆದರಿ ಅವನ್ನೆಲ್ಲ ಬಚ್ಚಲ ಒಲೆಗೆ ಹಾಕಿದರು. ಅಳಿಯನನ್ನು ಉಳಿಸಲು ಅಳಿಯನ ಸಾಕ್ಷಿಯನ್ನೇ ಸುಟ್ಟು, ಆ ನೀರಲ್ಲಿ ಸ್ನಾನವನ್ನೂ ಮಾಡಿದರು. ಚುಕ್ಕಿ ಹಚ್ಚಿದ ಅಧಿಕಾರಿ ಅಷ್ಟರಲ್ಲಿ ಗಡಿ ದಾಟಿ ಹೋಗಿದ್ದ.

ಕಿಲ್ಲೆಯ ಹತ್ತಿರದ ನಮ್ಮ ಬಾಡಿಗೆ ಮನೆಯ ಎದುರು ಸಾಲಿನವರು ಮಾತು ಬಿಟ್ಟರು. ನಾನು ನೀರಿಗೆ ಹೋದರೆ ಬಾವಿಕಟ್ಟೆ ತೆರವಾಗುತ್ತಿತ್ತು. ನನಗೂ ಎಲ್ಲರ ಮೇಲೆ ಗುಮಾನಿ. ಹಾಲಿನವಳು ಯಾಕೆ ಇವತ್ತು ತಡವಾಗಿ ಬಂದಳು, ಟಪಾಲಿನವನು ಯಾಕೆ ಕಿಟಕಿಯೊಳಗೆ ಇಣುಕಿದ? ಇವರೊಬ್ಬರೇ ಏನೂ ಆಗಿಲ್ಲವೆಂಬಂತೆ ದಿನಾ ಬೆಳಿಗ್ಗೆ ಬೂಟಿಗೆ ಪಾಲಿಶ್ ಹಾಕಿ, ಅದನ್ನು ಗೋಡೆಗೆ ಒರಗಿಸಿ ಇಟ್ಟು, ಬರಿಗಾಲಲ್ಲಿ ಹಿತ್ತಲಿಗೆ ಹೋಗಿ ಕೂತಿರುತ್ತಿದ್ದರು. ಅದನ್ನು ನೋಡಿದರೆ ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ವಿಚಾರಣೆಗೆ ಹೊರಗಿನ ಸೀಮೆಯ ಒಬ್ಬ ಮೇಜರ್ ಬಂದಿದ್ದ. ಕನ್ನಡ ಬಾರದು, ನಮ್ಮ ಊರಿನದೇ ಒಬ್ಬ ಗುಮಾಸ್ತ ದುಭಾಷಿ. ಇವರನ್ನು ಮೊದಲು ಕೇಳಿ ಹೊರಗೆ ಕೂಡಿಸಿ, ಆಮೇಲೆ ನನ್ನನ್ನು ಕರೆದರು. ಮೂರು ವರ್ಷ ತುಂಬಲು ಬಂದ ಮಗಳನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇರಲಿಲ್ಲ, ಅವಳೂ ಸೆರಗು ಹಿಡಿದು ಬಂದಳು. ಮೇಜರ್ ಮೊದಲು ಕೇಳಿದ್ದೇ ನಿನ್ನ ಗಂಡನ ಹೆಸರೇನು ಎಂದು.

ನಾನು ಸುಮ್ಮನೆ ನಿಂತೆ. ಮತ್ತೊಮ್ಮೆ ಕೇಳಿದ, ಮತ್ತೂ ಸುಮ್ಮನೆ ನಿಂತೆ. ಅವನ ಹುಬ್ಬು ಗಂಟಿಕ್ಕಿತು. ಗಂಡನ ಹೆಸರು ಹೇಳಲೂ ಹೆದರುವ ಹೆಂಗಸು ಏನು ಮುಚ್ಚಿಡುತ್ತಿದ್ದಾಳೋ ಎಂದುಕೊಂಡಿರಬೇಕು. ಗುಮಾಸ್ತ ನಗು ತಡೆದು ನಮ್ಮ ಕಡೆಯ ಪದ್ಧತಿ ವಿವರಿಸಿದ. ಮೇಜರ್ ಕುರ್ಚಿಗೆ ಒರಗಿ, ಹಾಗಾದರೆ ಪದ್ಯದಲ್ಲೇ ಹೇಳಲಿ ಎಂದ. ಆ ಗಾಬರಿಯಲ್ಲಿ ಹೊಸ ಒಡಪು ಎಲ್ಲಿಂದ ತರಲಿ? ಬಾಯಿಗೆ ಬಂದ ಹಳೆಯದನ್ನೇ ಹೇಳಿದೆ:

“ಅಂಗಳದಾಗ ಚೆಲ್ಲಿದ್ದೆ ಅಕ್ಕಿ,
ಆರಿಸಿ ತಿಂದಾವ ಹಕ್ಕಿ,
ನಮ್ಮ ರಾಯರ ಹೆಗಲ ಮ್ಯಾಲ ಮೂರು ಚುಕ್ಕಿ.”

‘ನಮ್ಮ’ ಎಂಬುದರ ಮುಂದೆ ಹೆಸರಿತ್ತು, ಇಲ್ಲಿ ಬಿಟ್ಟಿದ್ದೇನೆ. ಗುಮಾಸ್ತ ಅನುವಾದಿಸಿದ. ಮೂರು ಚುಕ್ಕಿ ಎಂದದ್ದೇ ಮೇಜರ್ ಮುಂದಕ್ಕೆ ಬಾಗಿದ. ಇದನ್ನು ಯಾವಾಗ ಕಟ್ಟಿದೆ?

“ಈಕಿ ತೊಟ್ಟಿಲಕ್ಕರೀ. ಮಾನವ್ಯಾಗ, ನಮ್ಮ ತವರುಮನ್ಯಾಗ ಹೇಳಿದ್ದೆ” ಎಂದು ಮಗಳನ್ನು ತೋರಿಸಿದೆ. ಆಕೆ ಅಷ್ಟರಲ್ಲಿ ಮೇಜಿನ ಕೆಳಗೆ ತೂರಿ ಅವನ ಬೂಟಿನ ಲಾಡಿ ಎಳೆಯುತ್ತಿದ್ದಳು. ಅವನು ಬಗ್ಗಿ ನೋಡಿದ. ಬಾಯಿತುಂಬ ಹಲ್ಲಿರುವ, ಪಟಪಟ ಮಾತಾಡುವ ಹುಡುಗಿ ಹೋದ ಬೇಸಿಗೆಯಲ್ಲಿ ತೊಟ್ಟಿಲಲ್ಲಿ ಇರಲಾರಳು ಎಂಬುದು ಅವನಿಗೂ ತಿಳಿಯಿತು. ಆದರೂ ಅವನು ನನ್ನ ತಂದೆಯಂಥವನೇ, ತಳಕ್ಕೆ ಕೈ ಹಾಕುವವನು. ಇದನ್ನು ನೀನು ನಿನ್ನೆ ಕಟ್ಟಿರಬಹುದಲ್ಲ ಎಂದ. ಮಾನವಿಯ ಓಣಿಗೆ ಓಣಿಯೇ ಕೇಳಿದೆ ಎಂದೆ. ಅವರೆಲ್ಲ ನಿನ್ನ ತವರಿನವರು, ನೀನು ಹೇಳು ಎಂದದ್ದನ್ನು ಹೇಳುತ್ತಾರೆ ಎಂದ. ನಿಮ್ಮನ್ನು ಕಂಡರೆ ಆಗದವರು ಯಾರಾದರೂ ಆ ದಿನ ಇದ್ದರೇ?

ಇದ್ದಳು. ದೇವದುರ್ಗದ ನನ್ನ ನೆಗೆಣ್ಣಿ, ಭಾವನ ಹೆಂಡತಿ. ತೊಟ್ಟಿಲ ಮರುವರ್ಷ ಮಸರಕಲ್ಲಿನ ಹೊಲದ ಸಲುವಾಗಿ ಅಣ್ಣತಮ್ಮಂದಿರು ಕಚೇರಿ ಮೆಟ್ಟಿಲು ಹತ್ತಿದ್ದರು. ಆ ಮನಿ ಹೊಸ್ತಿಲು ತುಳಿದರೆ ನನ್ನ ಆಣೆ ಎಂದು ಇವರಿಂದ ನಾನೇ ಮಾತು ತೆಗೆದುಕೊಂಡಿದ್ದೆ. ಅವಳ ವಿಷಯ ಹೇಳಿದೆ.

ಮೇಜರ್ ಆಗ ಇನ್ನೊಂದು ಕಾಗದ ಹೊರಗೆ ತೆಗೆದ, ಸಹಿಯಿಲ್ಲದ ಒಂದು ಮೂಗರ್ಜಿ. ಹೋದ ಬೇಸಿಗೆಯಲ್ಲಿ ಈ ಅಧಿಕಾರಿ ಬಂದೂಕು ಹಿಡಿದು ದೇವದುರ್ಗದಲ್ಲಿ ಓಡಾಡಿದ್ದನ್ನು ಜನ ನೋಡಿದ್ದಾರೆ ಎಂದು ಅದರಲ್ಲಿತ್ತು. ಇದು ನಿನಗೆ ಗೊತ್ತೇ? ಸುಳ್ಳು, ಅವರು ಬೇಸಿಗೆಯೆಲ್ಲ ಫೌಜಿನ ಕ್ಯಾಂಪಿನಲ್ಲಿದ್ದರು ಎಂದೆ. ಆ ಬೇಸಿಗೆ ನಾನು ಮಾನವಿಯಲ್ಲಿದ್ದೆ, ಅವರು ಹಾಗೆಂದೇ ಹೇಳಿ ಕಳಿಸಿದ್ದರು. ಮೇಜರ್ ನನ್ನನ್ನೊಮ್ಮೆ ನೋಡಿ, ಏನೋ ಗೀಚಿಕೊಂಡ. ಆ ನೋಟದಲ್ಲೇ ನನಗೆ ತಿಳಿಯಿತು, ಇವರು ಬೇರೇನೋ ಹೇಳಿದ್ದಾರೆ.

ಮನೆಗೆ ಬಂದು ರೊಟ್ಟಿ ತಟ್ಟಲು ಕೂತೆ. ಇವರು ತಾಟಿನ ಮುಂದೆ ಕೂತಾಗ, ಹೆಂಚಿನ ಮೇಲಿನ ರೊಟ್ಟಿ ತಿರುವುತ್ತಲೇ ಕೇಳಿಬಿಟ್ಟೆ.

“ದೇವದುರ್ಗದಾಗ ಏನ ಮಾಡಿ ಬಂದ್ರಿ? ಯಾರ ಮನಿ ಮುರದು ಕಾಗದ ತಂದ್ರಿ?”

ಅವರು ನನ್ನನ್ನು ನೋಡಿದರು. ಕೈಯಲ್ಲಿದ್ದ ತುತ್ತು ತಾಟಿಗೆ ಬಿಟ್ಟು, ಎದ್ದು ಹೊರಗೆ ಹೋದರು. ನಿಜವಾದ್ದರಿಂದಲೇ ಉತ್ತರ ಬರಲಿಲ್ಲ ಎಂದು ನಾನು ಅಂದುಕೊಂಡೆ. ಹೊತ್ತಿದ ರೊಟ್ಟಿಯನ್ನು ನಾನೇ ತಿಂದೆ.

ಆದರೆ ಅನುಮಾನವಿದೆ ಎಂದು ಗಂಡನನ್ನು ಕೈಬಿಡಲಾದೀತೇ? ಮಗಳನ್ನು ಕಂಕುಳಿಗೆ ಏರಿಸಿ, ಅವರಿಗೆ ಮಾನವಿಗೆಂದು ಹೇಳಿ, ದೇವದುರ್ಗದ ಬಸ್ಸು ಹತ್ತಿದೆ. ನೆಗೆಣ್ಣಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮೊರ ಕೇರುವುದನ್ನು ನಿಲ್ಲಿಸದೆ ನನ್ನ ಮಾತು ಪೂರ್ತಿ ಕೇಳಿದಳು.

“ಸಾಕ್ಷಿ ಹೇಳಾಕ ನಾನ ಬೇಕಾದ್ನೇನು?”

“ನಿನ್ನ ಬಿಟ್ರ ಯಾರನ್ನೂ ನಂಬಂಗಿಲ್ಲಂತ ಅಕ್ಕಾ, ಆ ಸಾಹೇಬ.”

“ನೀ ನಂಬತೀಯೇನು?” ಎಂದಳು. ನಾನು ಮಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿದೆ. ಮೂಗರ್ಜಿ ಈ ಮನೆಯಿಂದಲೇ ಹೋಗಿದೆ ಎಂದು ನನ್ನ ಒಳಮನಸ್ಸು ಹೇಳುತ್ತಿತ್ತು. ಅವಳಿಗೆ ಅಕ್ಷರ ಬಾರದು, ನಿಜ. ಬರೆದುಕೊಡುವವರಿಗೇನು ಬರವೇ?

“ನಿನ್ನ ಗಂಡ ನಿನಗ ಏನೂ ಹೇಳಿಲ್ಲೇನ ಬೇ?” ಎಂದು ತುಟಿಯಂಚಿನಲ್ಲಿ ನಕ್ಕಳು. “ನೋಡೂಣು ಹೋಗು. ಬಂದ್ರ ಬರತೀನಿ.”

ಆ ನಗು ಬಸ್ಸಿನುದ್ದಕ್ಕೂ ನನ್ನನ್ನು ಕೊರೆಯಿತು. ಇವಳು ಬಂದು ಏನು ಹೇಳಿಬಿಡುತ್ತಾಳೋ, ಬೇಲಿಯ ಮೇಲಿನ ಮುಳ್ಳನ್ನು ನಾನೇ ಎಳೆದು ಮೈಮೇಲೆ ಹಾಕಿಕೊಂಡೆನೋ?

ವಿಚಾರಣೆಗೆ ಗೊತ್ತುಮಾಡಿದ ದಿನ ಬಂದಳು. ಭಾವ ಹೊರಗೆ ಬೇವಿನ ಮರದ ಕೆಳಗೆ ತಮ್ಮನಿಂದ ಮುಖ ತಿರುಗಿಸಿ ನಿಂತರು. ಅವಳು ಒಳಗೆ ಬಂದು, ಸೆರಗು ಬಿಗಿದು, ಮೇಜರನ ಎದುರು ಗಟ್ಟಿಯಾಗಿ ಹೇಳಿದ ಮೊದಲ ಮಾತು ಇದು: “ಇವ್ರು ನಮಗ ಆಗದ ಮಂದಿ ರೀ ಸಾಹೇಬ್ರ. ನಮ್ಮ ಹೊಲ ನುಂಗಾಕ ಕುಂತಾರ.”

ಮುಗಿಯಿತು ಎಂದುಕೊಂಡೆ.

ಗುಮಾಸ್ತ ತೊಟ್ಟಿಲ ದಿನದ ಒಡಪಿನ ಬಗ್ಗೆ ಕೇಳಿದ. ಅವಳು ಅಕ್ಕಿ, ಹಕ್ಕಿ, ಚುಕ್ಕಿ ಮೂರನ್ನೂ ನಾನು ಹೇಳಿದ ರಾಗದಲ್ಲೇ, ನನ್ನನ್ನು ಅಣಕಿಸುವ ಹಾಗೆ ಕುತ್ತಿಗೆ ಕೊಂಕಿಸಿ ಹೇಳಿದಳು. ಮೈದುನನ ಹೆಸರನ್ನೂ ಸಲೀಸಾಗಿ ಸೇರಿಸಿದಳು. ಅಷ್ಟು ಹಳೆಯ ಮಾತು ಇಷ್ಟು ಚೊಕ್ಕ ಹೇಗೆ ನೆನಪಿದೆ ಎಂದು ಮೇಜರ್ ಕೇಳಿಸಿದ.

“ಹೊಟ್ಟಿ ಉರದಿತ್ರೀ” ಎಂದಳು. “ಉರದದ್ದು ಮರೀತದೇನು? ಮನಿಗಿ ಹೋಗಿ ನನ್ನ ಗಂಡಗ ಅಂದೆ, ನಿನ್ನ ತಮ್ಮನ ಹೆಗಲ ಮ್ಯಾಲ ಮೂರು ಚುಕ್ಕಿ ಅದಾವ, ನಿನ್ನ ಹೆಗಲ ಮ್ಯಾಲ ಏನದ ಅಂತ. ನೊಗ ಹೊತ್ತ ಗಂಟದ, ನೋಡಕೋ ಅಂದ. ಅವತ್ತ ನಾ ಉಣ್ಣಲಿಲ್ಲ.”

ಗುಮಾಸ್ತ ಇದನ್ನು ಅನುವಾದಿಸುತ್ತಿದ್ದಂತೆ ಮೇಜರನ ಮುಖ ಮೊದಲ ಸಲ ಸಡಿಲಾಯಿತು. ಆಮೇಲೆ ಮೂಗರ್ಜಿಯ ಮಾತು ಬಂತು. ಹೋದ ಬೇಸಿಗೆ ನಿನ್ನ ಮೈದುನ ಬಂದೂಕು ಹಿಡಿದು ದೇವದುರ್ಗಕ್ಕೆ ಬಂದಿದ್ದನೇ?

“ಬಂದಿದ್ದ ರೀ. ನಮ್ಮ ಓಣಿಗಿ ಬೆಂಕಿ ಹಚ್ಚತಾರ ಅಂತ ಸುದ್ದಿ ಇತ್ತು. ಆ ಗದ್ದಲ ತಣ್ಣಗಾಗೂ ಮಟ ನಮ್ಮ ಬಾಗಿಲದಾಗ ಕುಂತಿದ್ದ. ಹೊಲದ ಜಗಳ ಆಮ್ಯಾಲ ಆಡೂಣು, ಮೊದಲ ಜೀವ ಉಳೀಲಿ ಅಂದ. ಒಳಗ ಬಾ ಅಂದ್ರ ಬರಲಿಲ್ಲ. ಹೊಸ್ತಿಲ ತುಳ್ಯಂಗಿಲ್ಲ, ಹೆಂಡತಿ ಆಣಿ ಅದ ಅಂದ. ರೊಟ್ಟಿನೂ ಹೊರಗ ಕೊಟ್ಟೀನಿ.”

ಹೊರಗೆ ಬಂದು ಬೇವಿನ ಮರದ ಕೆಳಗೆ ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಹಿಂದೆ ಸರಿದಳು.

“ಏಳು. ಹೊಲದ ಕೇಸು ನಾ ಬಿಡಾಂಗಿಲ್ಲ. ಚುಕ್ಕಿ ಚುಕ್ಕಿ ಕಡಿ, ಹೊಲ ಹೊಲದ ಕಡಿ.” ಆಮೇಲೆ ದನಿ ಇಳಿಸಿ ಕೇಳಿದಳು, “ಮೂಗರ್ಜಿ ನಾವ ಬರಿಸೀವಿ ಅಂತ ತಿಳಕೊಂಡಿದ್ದೆಲ್ಲ. ಈಗರ ಅನುಮಾನ ಹೋತೇನು?”

“ಹೋತಕ್ಕಾ” ಎಂದೆ. ಅವಳ ಮೇಲಿದ್ದದ್ದು ನಿಜಕ್ಕೂ ಹೋಗಿತ್ತು, ಅಲ್ಲಿಂದ ಎದ್ದು ಎದುರು ಸಾಲಿನವರ ಮೇಲೆ ಕೂತಿತ್ತು. ಆ ಮೂಗರ್ಜಿ ಯಾರು ಬರೆದರೋ ಇವತ್ತಿಗೂ ಗೊತ್ತಿಲ್ಲ. ಆ ಓಣಿಯಲ್ಲಿ ಹಾಯುವಾಗ ಈಗಲೂ ಒಂದು ಬಾಗಿಲನ್ನು ನಾನು ದಿಟ್ಟಿಸಿ ನೋಡುತ್ತೇನೆ.

ಸರ್ಕಾರ ತಿದ್ದಲೂ ನಿಧಾನ. ಮಳೆ ಬಂದು ಹೋಗಿ, ಬಿತ್ತಿದ ಜೋಳ ಮೊಳಕಾಲುದ್ದ ಎದ್ದ ಮೇಲೆ ಹುಕುಂ ಬಂತು. ಕ್ಯಾಪ್ಟನ್ ಪದವಿ ಯುದ್ಧ ಮುಗಿದ ಮರುವರ್ಷದಿಂದಲೇ ಸಲ್ಲುತ್ತದೆ, ಯಾವ ಕಳಂಕವೂ ಇಲ್ಲ. ಹಳೆಯ ಫೌಜನ್ನು ಮುರಿಯುತ್ತಿರುವುದರಿಂದ, ಅದೇ ಪದವಿಯೊಂದಿಗೆ ಅವರನ್ನು ಗೌರವದಿಂದ ಬಿಡುಗಡೆ ಮಾಡಲಾಗಿದೆ. ನೌಕರಿ ಹೋದ ಕಾಗದ ಹಿಡಿದು ಖುಷಿಪಟ್ಟವಳು ರಾಯಚೂರಿನಲ್ಲಿ ನಾನೊಬ್ಬಳೇ ಇರಬೇಕು. ಹಾಲಿನವಳನ್ನು ನಿಲ್ಲಿಸಿ ಹೇಳಿದೆ, ಬಾವಿಕಟ್ಟೆಗೆ ಬೇಕೆಂದೇ ಎರಡು ಸಲ ಹೋಗಿ ಹೇಳಿದೆ. ಒಳಗೆ ಬಂದರೆ ಇವರು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

“ನೀನ ಇಟಗೋ. ಇದು ನಿನಗ ಬೇಕಾಗಿತ್ತು.”

“ಅವತ್ತ ಕೇಳಿದಾಗ ಬಾಯಿ ಬಿಟ್ಟು ಹೇಳಿದ್ರ ಏನಾಗತಿತ್ತು ರೀ?” ಎಂದೆ. ಸಿಟ್ಟಿನಲ್ಲೇ ಎಂದೆ, ಕಣ್ಣಲ್ಲಿ ನೀರಿದ್ದರೂ.

“ಸಾಹೇಬ ‘ಎಲ್ಲಿದ್ದಿ’ ಅಂತ ಕೇಳಿದ. ನಮ್ಮಣ್ಣನ ಮನಿ ಬಾಗಿಲದಾಗ ಇದ್ದೆ ಅಂತ ಹೇಳಿದೆ” ಎಂದರು. “ನೀ ‘ಯಾರ ಮನಿ ಮುರದು ಕಾಗದ ತಂದ್ರಿ’ ಅಂತ ಕೇಳಿದಿ.”

ಅಷ್ಟು ಹೇಳಿ ಗೋಡೆಗೆ ಇಟ್ಟಿದ್ದ ಬೂಟುಗಳನ್ನು ತೆಗೆದುಕೊಂಡು ಹಿತ್ತಲಿಗೆ ಹೋದರು. ನಾನು ಆ ಕಾಗದ ಹಿಡಿದು ಒಲೆಯ ಮುಂದೆ ಕೂತೆ. ಹೆಂಚು ಕಾಯ್ದಿತ್ತು, ರೊಟ್ಟಿ ತಟ್ಟಲು ಕೈ ಏಳಲಿಲ್ಲ.